ಪುಟ್ಟಿ, ಅಮೆರಿಕದ ವರ್ಮಾಂಟ್‌ನ ಆ ಹಳೇ ಮನೆಗಳನ್ನು ನೋಡಿ ಬಾ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಉಳಿದಿದೆ. "ಇಲ್ಲಿ ಹಸು, ಹಿಮ, ಗುಡ್ಡ ಬಿಟ್ಟರೆ ಏನಿದೆಯಮ್ಮಾ" ಅಂದೆ. ಊರು ಹೊಸದು, ಡ್ಯೂಟಿ ಜಾಸ್ತಿ. ಬೇಜಾರಾಗುವುದು ಸಹಜವೇ. ಆದರೆ ವರ್ಮಾಂಟ್‌ನಲ್ಲಿ ಏನೂ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾವು ಬಂದಿದ್ದಾಗ, ನೀನು ಆಸ್ಪತ್ರೆಗೆ ಹೋದ ದಿನಗಳಲ್ಲಿ ಅಳಿಯಂದಿರು ನನ್ನನ್ನೂ ಅಪ್ಪನನ್ನೂ ಹಳೇ ಮನೆಗಳನ್ನು ನೋಡಲು ಕರೆದುಕೊಂಡು ಹೋಗುತ್ತಿದ್ದರಲ್ಲ, ಅವುಗಳ ಬಗ್ಗೆ ನಿನಗೆ ಸರಿಯಾಗಿ ಹೇಳಲೇ ಇಲ್ಲ. ನೀನು ಸುಸ್ತಾಗಿ ಬರುತ್ತಿದ್ದೆ. ಊಟ ಮಾಡಿ ಮಲಗುವುದೇ ಆಗುತ್ತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ರೋಕ್‌ಬಿ ಅನ್ನುವ ಹಳೇ ಮನೆಗೆ ಹೋಗು. ಫೆರಿಸ್‌ಬರ್ಗ್‌ನಲ್ಲಿದೆ. ನಿಮ್ಮ ಬರ್ಲಿಂಗ್ಟನ್‌ನಿಂದ ರೂಟ್ 7ರಲ್ಲಿ ದಕ್ಷಿಣಕ್ಕೆ ಹೋದರೆ ಸಿಗುತ್ತದೆ, ಹೆಚ್ಚು ದೂರವಿಲ್ಲ. ಕ್ವೇಕರ್ ಅನ್ನುವ ಕ್ರೈಸ್ತ ಪಂಥಕ್ಕೆ ಸೇರಿದ ರಾಬಿನ್ಸನ್ ಕುಟುಂಬದ ನಾಲ್ಕು ತಲೆಮಾರಿನವರು 1793ರಿಂದ 1961ರವರೆಗೆ ಅಲ್ಲೇ ಬಾಳಿದರು. ನಯವಾದ ಉಣ್ಣೆಯ ಮೆರಿನೋ ಕುರಿ ಸಾಕಿ ಅನುಕೂಲವಾದವರು. ಎರಡನೇ ತಲೆಮಾರಿನ ರೋಲಂಡ್ ಮತ್ತು ರೇಚಲ್ ಗುಲಾಮಗಿರಿ ಪೂರ್ತಿ ತೊಲಗಬೇಕು ಅಂತ ಹೋರಾಡಿದವರು. ಗುಲಾಮರ ಬೆವರಿನಿಂದ ಬಂದ ವಸ್ತು ನಮ್ಮ ಮನೆಗೆ ಬೇಡ ಅನ್ನುವುದು ರೇಚಲ್ ಅವರ ಹಠವಾಗಿತ್ತು. ಸಕ್ಕರೆ, ಹತ್ತಿ ಬಟ್ಟೆ ಕೊಳ್ಳುವಾಗಲೂ ಅದನ್ನೇ ನೋಡಬೇಕಿತ್ತು. ದಿನವೂ ಮನೆ ನಡೆಸುವ ಹೆಂಗಸಿಗೆ ಅದೆಷ್ಟು ಕಷ್ಟ ಅಂತ ಯೋಚನೆ ಮಾಡು.

ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಶ್ರಯ ಕೊಟ್ಟ ಮನೆ ಅಂದ ಕೂಡಲೇ ನಮಗೆಲ್ಲ ಗುಪ್ತ ಕೋಣೆ ನೆನಪಾಗುತ್ತದೆ. ಅಪ್ಪ ಹೋದವರೇ ಅದನ್ನೇ ಕೇಳಿದರು. ಅಂಥದ್ದು ಅಲ್ಲಿಲ್ಲ! ಬೇಕಾಗಿಯೂ ಇರಲಿಲ್ಲ. ದಕ್ಷಿಣದ ರಾಜ್ಯಗಳಿಂದ ಅಷ್ಟು ದೂರಕ್ಕೆ ಹುಡುಕಿಕೊಂಡು ಬರುವವರು ಅಪರೂಪ. 1837ರ ಹೊತ್ತಿಗೆ ಸೈಮನ್ ಮತ್ತು ಜೆಸ್ಸಿ ಅನ್ನುವ ಇಬ್ಬರು ಅಲ್ಲಿದ್ದರು. ಯಾರಿಗೂ ಹೆದರದೆ, ಹಾಡಹಗಲಲ್ಲೇ ಜಮೀನಿನಲ್ಲಿ ಕೆಲಸ ಮಾಡುತ್ತಿದ್ದರು. ಜೆಸ್ಸಿಗೆ ಕಾನೂನುಬದ್ಧವಾಗಿಯೇ ಬಿಡುಗಡೆ ಬೇಕಿತ್ತು. ಅವರ ಪರವಾಗಿ ರೋಲಂಡ್, ಉತ್ತರ ಕೆರೊಲಿನಾದಲ್ಲಿದ್ದ ಯಜಮಾನನಿಗೆ ಕಾಗದ ಬರೆದರು. ಯಜಮಾನ 300 ಡಾಲರ್ ಕೇಳಿದ. ಜೆಸ್ಸಿ ಕೂಡಿಟ್ಟಿದ್ದು 150. ಒಬ್ಬ ಮನುಷ್ಯ ತನ್ನನ್ನು ತಾನೇ ಕೊಂಡುಕೊಳ್ಳಲು ಕೂಲಿ ದುಡ್ಡು ಕೂಡಿಡಬೇಕು, ಅದರಲ್ಲೂ ಚೌಕಾಸಿ ನಡೆಯಬೇಕು. ನನಗೆ ಅಲ್ಲಿಂದ ಹೊರಡಲು ಮನಸ್ಸೇ ಬರಲಿಲ್ಲ.

ರೋಕ್‌ಬಿ ನೋಡಿದ ಮೇಲೆ ಯಾವ ಮನೆಗೆ ಹೋದರೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಈ ಮನೆಯ ಕೆಲಸ ಯಾರು ಮಾಡುತ್ತಿದ್ದರು? ಅವರ ಹೆಸರು ಹೇಳುತ್ತಾರಾ? ಯಜಮಾನರ ಬೆಳ್ಳಿ ಚಮಚ, ಪಿಂಗಾಣಿ ತಟ್ಟೆ ಇಷ್ಟನ್ನೇ ತೋರಿಸಿ ಕಳಿಸಿದರೆ ಅರ್ಧ ಮನೆ ನೋಡಿದ ಹಾಗೆ. ನೀನೂ ಹೋದಾಗ ಈ ಪ್ರಶ್ನೆ ಕೇಳು. ಗೈಡ್‌ಗಳು ಖುಷಿಯಿಂದ ಉತ್ತರ ಹೇಳುತ್ತಾರೆ.

ಪ್ಲಿಮತ್ ನಾಚ್‌ನಲ್ಲಿ ನನಗೆ ಒಳ್ಳೆಯ ಉತ್ತರ ಸಿಕ್ಕಿತು. ಗುಡ್ಡಗಳ ನಡುವೆ ಪುಟ್ಟ ಹಳ್ಳಿ ಅದು. ಅಮೆರಿಕದ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಜ್ 1872ರಲ್ಲಿ ಹುಟ್ಟಿದ್ದು ಅಲ್ಲೇ, ಅಂಗಡಿಯ ಹಿಂದಿನ ಮನೆಯಲ್ಲಿ. 1923ರ ಆಗಸ್ಟ್‌ನಲ್ಲಿ ಅವರು ಉಪಾಧ್ಯಕ್ಷರಾಗಿದ್ದಾಗ ರಜೆಗೆ ಅಪ್ಪನ ಮನೆಗೆ ಬಂದಿದ್ದರು. ಅಧ್ಯಕ್ಷ ಹಾರ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು ಅನ್ನುವ ಸುದ್ದಿ ಬಂದಾಗ ಮನೆಯವರೆಲ್ಲ ಮಲಗಿದ್ದರು. ಮನೆಯಲ್ಲಿ ಕರೆಂಟಿಲ್ಲ, ಫೋನಿಲ್ಲ. ಅಪ್ಪ ಜಾನ್ ಕೂಲಿಜ್ ನೋಟರಿ ಆಗಿದ್ದರು. ಆಗಸ್ಟ್ 3ರ ಬೆಳಗಿನ ಜಾವ 2.47ಕ್ಕೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಅಪ್ಪನೇ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸಿದರು. ಆಮೇಲೆ ಮಗ ಹೋಗಿ ಮತ್ತೆ ಮಲಗಿದರು! ಅದೆಲ್ಲ ನಡೆದದ್ದು ನಮ್ಮ ಊರಿನ ಮನೆಯ ನಡುಮನೆಯಷ್ಟೂ ಇಲ್ಲದ ಒಂದು ಕೋಣೆಯಲ್ಲಿ.

ಆ ಕೋಣೆ ಇವತ್ತಿಗೂ ಹಾಗೇ ಇರಲು ಕಾರಣ ಮನೆ ನೋಡಿಕೊಳ್ಳುತ್ತಿದ್ದ ಅರೋರಾ ಪಿಯರ್ಸ್ ಅನ್ನುವ ಹೆಂಗಸು. ಜಾನ್ ಕೂಲಿಜ್ ಹೋದ ಮೇಲೂ ಅವರು ವರ್ಷಾನುಗಟ್ಟಲೆ ಅಲ್ಲೇ ಉಳಿದರು. ಹೊಸ ಸೌಕರ್ಯ ತರುತ್ತೇವೆ ಅಂದರೆ ಒಪ್ಪುತ್ತಿರಲಿಲ್ಲ. ಪ್ರವಾಸಿಗರು ಪ್ರಮಾಣವಚನದ ಮೇಜಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನೀನು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲು. ಈ ಮನೆ ಉಳಿದದ್ದು ಆ ಅಡುಗೆಮನೆಯ ಹೆಂಗಸಿನಿಂದ.

ಹಾಗೇ ಹಳ್ಳಿಯ ಸ್ಮಶಾನಕ್ಕೂ ಹೋಗು. ಅಧ್ಯಕ್ಷರ ಸಮಾಧಿ ಸುಮ್ನೆ ಒಂದು ಕಲ್ಲು, ಅಷ್ಟೇ. ಅಲ್ಲೇ ಅವರ ಮಗ ಕ್ಯಾಲ್ವಿನ್‌ನ ಸಮಾಧಿಯೂ ಇದೆ. 1924ರಲ್ಲಿ ಟೆನಿಸ್ ಆಡಿ ಕಾಲಿಗೆ ಬೊಬ್ಬೆ ಬಂತು, ಅದು ನಂಜಾಗಿ ರಕ್ತಕ್ಕೇರಿತು. ಹುಡುಗನಿಗೆ 16 ವರ್ಷ. ಶ್ವೇತಭವನದಲ್ಲಿದ್ದರೂ ಆಗ ಅದಕ್ಕೆ ಔಷಧಿ ಇರಲಿಲ್ಲ. ದಿನವೂ ಆ್ಯಂಟಿಬಯಾಟಿಕ್ ಕೊಡುವವಳು ನೀನು, ನಿನಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಸ್ಟ್ರಾಫರ್ಡ್. ಇದು ನನ್ನ ಸ್ವಂತದ ವಿಷಯ. ಗುಲಾಬಿ ಬಣ್ಣದ ಮನೆ, ಚೂಪು ಮಾಡು, ಕೆತ್ತನೆಯ ಅಂಚು. ಜಸ್ಟಿನ್ ಮೊರಿಲ್ ಅನ್ನುವವರು ತಾವೇ ನಕ್ಷೆ ಹಾಕಿ 1848ರಿಂದ 1851ರ ನಡುವೆ ಕಟ್ಟಿಸಿದ್ದು. ಕಮ್ಮಾರನ ಮಗ. ಕಾಲೇಜಿಗೆ ಕಳಿಸಲು ಮನೆಯಲ್ಲಿ ದುಡ್ಡಿಲ್ಲದೆ 15ನೇ ವಯಸ್ಸಿಗೆ ಓದು ನಿಂತಿತು. ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ವ್ಯಾಪಾರ ಮಾಡಿ, ಆಮೇಲೆ ಸಂಸತ್ತಿಗೆ ಹೋದರು. ರೈತರ, ಕೂಲಿಕಾರರ ಮಕ್ಕಳಿಗೂ ಕಾಲೇಜು ಬೇಕು ಅಂತ ಮಸೂದೆ ತಂದರು. 1859ರಲ್ಲಿ ಅಧ್ಯಕ್ಷ ಬ್ಯೂಕ್ಯಾನನ್ ತಿರಸ್ಕರಿಸಿದರು. ಮೊರಿಲ್ ಬಿಡಲಿಲ್ಲ. 1862ರ ಜುಲೈ 2ರಂದು ಲಿಂಕನ್ ಸಹಿ ಹಾಕಿದರು. ಸಂಸತ್ತಿನಲ್ಲಿ ಆಯಾ ರಾಜ್ಯಕ್ಕಿರುವ ಪ್ರತಿ ಸದಸ್ಯನ ಲೆಕ್ಕಕ್ಕೆ 30,000 ಎಕರೆಯಂತೆ ರಾಜ್ಯಗಳಿಗೆ ಜಮೀನು. ಅದನ್ನು ಮಾರಿದ ಹಣದಿಂದ ಕೃಷಿ, ಎಂಜಿನಿಯರಿಂಗ್ ಕಲಿಸುವ ಕಾಲೇಜು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಗಿದ್ದು ಈ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲೇ ಕಣೇ. ಪಾಠ, ಸಂಶೋಧನೆ, ರೈತರಿಗೆ ತಲುಪಿಸುವ ವಿಸ್ತರಣೆ, ಮೂರೂ ಒಂದೇ ಕಡೆ. ನಾನು ಅದರ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಓದದೇ ಇದ್ದಿದ್ದರೆ ರೈತ ಸಂಪರ್ಕ ಕೇಂದ್ರದ ಕೆಲಸವೂ ಇಲ್ಲ, ನಿನ್ನ ನರ್ಸಿಂಗ್ ಫೀಸೂ ಇಲ್ಲ. ಆ ಗುಲಾಬಿ ಮನೆಯ ಓದುವ ಕೋಣೆಯ ಮುಂದೆ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಎಕರೆಗಟ್ಟಲೆ ಜಮೀನು ಖಾಲಿ ಬಿದ್ದಿದ್ದಲ್ಲ. ಒಪ್ಪಂದದ ಹೆಸರಿನಲ್ಲೋ ಬಲವಂತದಿಂದಲೋ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ನಮ್ಮ ಅನ್ನದ ಋಣ ಅಲ್ಲಿಯವರೆಗೂ ಹೋಗುತ್ತದೆ ಅಂತ ನಾನು ತಿಳಿದುಕೊಂಡಿದ್ದೇನೆ.

ಮ್ಯಾಂಚೆಸ್ಟರ್‌ನ ಹಿಲ್ಡೀನ್ ದೊಡ್ಡ ಬಂಗಲೆ. ಅಬ್ರಹಾಂ ಲಿಂಕನ್ ಮಗ ರಾಬರ್ಟ್ 1905ರಲ್ಲಿ ಕಟ್ಟಿಸಿದ್ದು, 24 ಕೋಣೆ. ಗಾಳಿಯಿಂದ ನುಡಿಯುವ ದೊಡ್ಡ ಆರ್ಗನ್ ಇದೆ, ತೋಟ ಚೆನ್ನಾಗಿದೆ. ಬಂಗಲೆ ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಅಲ್ಲಿ ನಿಲ್ಲಿಸಿರುವ 1903ರ ಪುಲ್‌ಮನ್ ರೈಲು ಡಬ್ಬಿಯನ್ನು ತಪ್ಪಿಸಬೇಡ. ರಾಬರ್ಟ್ ಆ ಪುಲ್‌ಮನ್ ಕಂಪನಿಯ ಅಧ್ಯಕ್ಷರಾಗಿದ್ದವರು, ಮಲಗಿ ಪ್ರಯಾಣಿಸುವ ರೈಲು ಡಬ್ಬಿಗಳ ಕಂಪನಿ ಅದು. ಡಬ್ಬಿಗಳಲ್ಲಿ ಹಾಸಿಗೆ ಹಾಸಿ, ಬೂಟು ಪಾಲಿಶ್ ಮಾಡುತ್ತಿದ್ದ ಪೋರ್ಟರ್‌ಗಳು ಹೆಚ್ಚಾಗಿ ಕಪ್ಪು ಜನ. ಪ್ರಯಾಣಿಕರು ಅವರನ್ನೆಲ್ಲ 'ಜಾರ್ಜ್' ಅಂತಲೇ ಕರೆಯುತ್ತಿದ್ದರು, ಕಂಪನಿ ಕಟ್ಟಿದ ಜಾರ್ಜ್ ಪುಲ್‌ಮನ್ ಹೆಸರಿನಲ್ಲಿ. ಸ್ವಂತ ಹೆಸರಿಗೂ ಬೆಲೆಯಿಲ್ಲ! ಅವರು 1925ರಲ್ಲಿ ಸಂಘ ಕಟ್ಟಿದರು. ಕಂಪನಿ ಒಪ್ಪಂದಕ್ಕೆ ಬಂದದ್ದು 1937ರಲ್ಲಿ. ಗುಲಾಮರನ್ನು ಬಿಡುಗಡೆ ಮಾಡಿದವರ ಮಗನ ಮನೆ ಅಂಗಳದಲ್ಲೇ ಈ ಕಥೆ ಹೇಳುತ್ತಾರಲ್ಲ, ಆ ಧೈರ್ಯ ನನಗೆ ತುಂಬಾ ಇಷ್ಟವಾಯಿತು.

ಡಮ್ಮರ್‌ಸ್ಟನ್‌ನಲ್ಲಿ ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಕಟ್ಟಿಸಿದ 'ನೌಲಖಾ' ಮನೆ ಇದೆ. ಅದು ಮ್ಯೂಸಿಯಂ ಅಲ್ಲ, ಉಳಿದುಕೊಳ್ಳಲು ಬಾಡಿಗೆಗೆ ಕೊಡುತ್ತಾರೆ. ನಾವು ಹೋಗಲಿಲ್ಲ.

ಒಂದು ವಿಷಯ ಗಮನದಲ್ಲಿರಲಿ. ಹಿಲ್ಡೀನ್ ಬಿಟ್ಟರೆ ಮಿಕ್ಕವು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಸುಮಾರು ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತವೆ, ಕೆಲವು ವಾರದ ಎಲ್ಲಾ ದಿನವೂ ತೆರೆದಿರಲಿಕ್ಕಿಲ್ಲ. ಹೋಗುವ ಮುಂಚೆ ಫೋನ್ ಮಾಡಿ ವಿಚಾರಿಸು. ಪ್ಲಿಮತ್‌ನಲ್ಲಿ ಕೂಲಿಜ್ ಅವರ ಅಪ್ಪ ಊರಿನ ರೈತರ ಜೊತೆ ಸೇರಿ 1890ರಲ್ಲಿ ಶುರುಮಾಡಿದ ಚೀಸ್ ಫ್ಯಾಕ್ಟರಿ ಇದೆ, ಪಾಪುಗೆ ತೋರಿಸು. ಎರಡು ದಿನ ರಜೆ ಸಿಕ್ಕರೆ ಒಂದು ದಿನ ರೋಕ್‌ಬಿ, ಇನ್ನೊಂದು ದಿನ ಸ್ಟ್ರಾಫರ್ಡ್ ಇಟ್ಟುಕೊಳ್ಳಿ. ಅವಸರ ಮಾಡಬೇಡ. ಅಳಿಯಂದಿರಿಗೆ ದಾರಿ ಗೊತ್ತು. ಹೋಗಿ ಬಂದ ಮೇಲೆ ಫೋನ್ ಮಾಡು. ಅಲ್ಲಿ ಕೆಲಸ ಮಾಡಿದವರಲ್ಲಿ ನನಗೆ ಸಿಗದ ಯಾರದಾದರೂ ಹೆಸರು ಸಿಕ್ಕಿದ್ದರೆ ಬರೆದಿಟ್ಟುಕೊಂಡು ಹೇಳು.

ನಿನ್ನ ಪ್ರೀತಿಯ,
ಅಮ್ಮ