ಹೊಸದಕ್ಕೆ ಹತ್ತನೇ ಒಂದು ಪಾಲು ನೆಲ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೇಸಾಯಕ್ಕೆ ಇನ್ನು ಮುಂದೆ ಕಾಲವಿದೆಯೇ ಎಂದು ಕೇಳಿದ್ದೀಯ. ಇದೆ. ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಸಾರಜನಕದ ಗೊಬ್ಬರ ಸಾಲದೆ ಜಗತ್ತಿಗೆ ಗೋಧಿ ಕೊರತೆಯಾದೀತು ಎಂದು 1898ರಲ್ಲಿ ವಿಲಿಯಂ ಕ್ರೂಕ್ಸ್ ಎಂಬ ರಸಾಯನ ವಿಜ್ಞಾನಿ ಎಚ್ಚರಿಸಿದ್ದ. ಹೆದರಿಸಿ ಸುಮ್ಮನಾಗಲಿಲ್ಲ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿಯುವ ದಾರಿ ಹುಡುಕಿ ಎಂದೂ ಹೇಳಿದ. 1909ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್ ಆ ಸಾರಜನಕದಿಂದ ಅಮೋನಿಯಾವನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ, 1913ರಲ್ಲಿ ಜರ್ಮನಿಯಲ್ಲಿ ಕಾರ್ಖಾನೆಯೇ ಶುರುವಾಯಿತು. ಇಂದಿನ ಯೂರಿಯಾ ಆ ಅಮೋನಿಯಾದಿಂದಲೇ ಆಗುವುದು. ಅದನ್ನು ಮಿತಿಮೀರಿ ಸುರಿದು ಅಂತರ್ಜಲಕ್ಕೆ ನೈಟ್ರೇಟ್ ಇಳಿಸಿದವರೂ ರೈತರೇ. ಹಾಗಾಗಿ ಹೊಸದನ್ನು ನಂಬು ಎಂದೂ ಹೇಳುವುದಿಲ್ಲ, ನಂಬಬೇಡ ಎಂದೂ ಹೇಳುವುದಿಲ್ಲ. ಅಳೆದು ನೋಡು.

ಯಾವ ಹೊಸ ತಳಿ, ಹೊಸ ಗೊಬ್ಬರ, ಹೊಸ ಯಂತ್ರ ಬಂದರೂ ಮೊದಲ ವರ್ಷ ನೆಲದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕೊಡಬೇಡ. ಪಕ್ಕದಲ್ಲೇ, ಅದೇ ದಿನ ಬಿತ್ತಿದ ಹಳೆ ಪದ್ಧತಿಯ ಪಟ್ಟಿಯೂ ಇರಲಿ. ಒಂದು ಹಳೆಯದು, ಒಂದು ಹೊಸದು ಎಂದು ಎರಡೇ ಪಟ್ಟಿ ಮಾಡಿದರೆ ಮೋಸಹೋಗುತ್ತೀಯ; ತಗ್ಗಿನ ಕಡೆ ಇರುವ ಪಟ್ಟಿಗೆ ಮೆಕ್ಕಲು, ತೇವ ಎರಡೂ ಹೆಚ್ಚು ಸಿಕ್ಕಿರುತ್ತವೆ. ಮೂರು ಹಳೆಯವು, ಮೂರು ಹೊಸವು, ಒಂದು ಬಿಟ್ಟು ಒಂದರಂತೆ, ಮೇಲಿನಿಂದ ಕೆಳಗೆ ಇಳಿಜಾರಿನ ಉದ್ದಕ್ಕೆ ಹಾಕು. ಆಗ ಪ್ರತಿ ಪಟ್ಟಿಗೂ ದಿಬ್ಬವೂ ತಗ್ಗೂ ಸಿಗುತ್ತದೆ. ಅಂಚಿನ ಸಾಲಿಗೆ ಬೆಳಕು ಹೆಚ್ಚು, ಅದನ್ನು ಬಿಟ್ಟು ನಡುವಿನ ಸಾಲುಗಳನ್ನು ಮಾತ್ರ ಕೊಯ್ದು ತೂಗು. ತೂಗುವಾಗ ತೇವಾಂಶವನ್ನೂ ನೋಡಬೇಕು: ಶೇ 20 ತೇವವಿರುವ 100 ಕೆಜಿ ಭತ್ತ, ಶೇ 14ಕ್ಕೆ ಒಣಗಿದಾಗ 93 ಕೆಜಿಯಷ್ಟೇ. ಈ ಲೆಕ್ಕ ಬಿಟ್ಟರೆ ತಡವಾಗಿ ಮಾಗುವ ತಳಿ ಸುಮ್ಮನೆ ಗೆದ್ದುಬಿಡುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಗೋಧಿಯ ಪ್ರಯೋಗವೊಂದು ನಡೆದಿದೆ. ಏನೂ ಗೊಬ್ಬರ ಹಾಕದ ಪಟ್ಟಿಯೊಂದನ್ನು ಅಲ್ಲಿ ಇಂದಿಗೂ ಉಳಿಸಿಕೊಂಡಿದ್ದಾರೆ. ಉಳಿದವುಗಳ ಬೆಲೆ ತಿಳಿಯುವುದು ಅದರಿಂದ.

ಹೊಸದು ಎಂದರೆ ದುಬಾರಿಯದು ಎಂದುಕೊಳ್ಳಬೇಡ. ಭತ್ತದ ಗದ್ದೆಯಲ್ಲಿ ನೀರು ಉಳಿಸಲು 30 ಸೆಂ.ಮೀ. ಉದ್ದದ, ಕೈ ಒಳಗೆ ಹೋಗುವಷ್ಟು ಅಗಲದ ಪೈಪಿನ ತುಂಡು ಸಾಕು. ಕೆಳಗಿನ 20 ಸೆಂ.ಮೀ.ಗೆ ಸುತ್ತಲೂ ತೂತು ಕೊರೆದು, ಅಷ್ಟನ್ನೂ ಮಣ್ಣಿಗೆ ಇಳಿಸಿ, ಒಳಗಿನ ಕೆಸರನ್ನು ತಳದವರೆಗೆ ತೆಗೆ. ಬದುವಿನಿಂದ ಒಂದು ಮೀಟರ್ ಆಚೆ, ದಿಬ್ಬವೂ ಅಲ್ಲದ ತಗ್ಗೂ ಅಲ್ಲದ ಜಾಗದಲ್ಲಿ ಇರಲಿ. ನಾಟಿಯಾಗಿ ಎರಡು ವಾರ ಕಳೆದ ಮೇಲೆ, ಪೈಪಿನೊಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ನೀರು ಕಟ್ಟು. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಈ ಆಟ ಬೇಡ, ನೀರು ನಿಂತೇ ಇರಲಿ. ಆಗ ಒಣಗಿದರೆ ಕಾಳು ಜೊಳ್ಳಾಗುತ್ತದೆ. ಸರಿಯಾಗಿ ಮಾಡಿದರೆ ಶೇ 30ರವರೆಗೂ ನೀರು ಉಳಿಯುತ್ತದೆ, ಮಣ್ಣಿಗೆ ಗಾಳಿಯಾಡುವುದರಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಕೂಡ ಕಡಿಮೆ.

ಕೆಡುವುದು ಎಲ್ಲಿ? ಗದ್ದೆ ಸಮವಿಲ್ಲದಿದ್ದರೆ ಪೈಪು ಒಂದು ಹೇಳುತ್ತದೆ, ದಿಬ್ಬದ ಪೈರು ಇನ್ನೊಂದು ಹೇಳುತ್ತದೆ. ನೀರು ಕಟ್ಟಿದ ಮೇಲೆ ಪೈಪಿನ ಒಳಗೂ ಹೊರಗೂ ಮಟ್ಟ ಒಂದೇ ಇರದಿದ್ದರೆ ತೂತು ಮುಚ್ಚಿದೆ ಎಂದರ್ಥ. ಕಳೆ ಜಾಸ್ತಿ ಇದ್ದರೆ ಇನ್ನೊಂದು ವಾರ ಗದ್ದೆಯಲ್ಲಿ ನೀರು ನಿಂತೇ ಇರಲಿ, ಆಮೇಲೆ ಶುರುಮಾಡು. ಯೂರಿಯಾವನ್ನು ನೀರು ಹಾಯಿಸುವುದಕ್ಕೆ ಸ್ವಲ್ಪ ಮೊದಲು, ನಿಂತ ನೀರಿಲ್ಲದ ಮಣ್ಣಿಗೆ ಹಾಕು. ನೀರಿನ ಜೊತೆ ಕೆಳಗಿಳಿಯುತ್ತದೆ, ಗಾಳಿಗೆ ಹೋಗುವುದು ತಗ್ಗುತ್ತದೆ.

ಹನಿ ನೀರಾವರಿಗೆ ಮಣ್ಣಿನ ತೇವ ಅಳೆಯುವ ಸೆನ್ಸರ್ ಕೂಡಿಸಬೇಕು ಎಂದಿದ್ದೀಯ. ಮೊದಲು ಹನಿ ಸಮನಾಗಿ ಬೀಳುತ್ತಿದೆಯೇ ನೋಡು. ಮೊದಲನೆಯದು, ಕೊನೆಯದು, ನಡುವಿನವು ಎರಡು, ಹೀಗೆ ನಾಲ್ಕು ಲ್ಯಾಟರಲ್‌ಗಳಲ್ಲಿ (ಗಿಡದ ಸಾಲಿನುದ್ದಕ್ಕೂ ಹೋಗುವ ಸಣ್ಣ ಪೈಪುಗಳು) ನಾಲ್ಕು ನಾಲ್ಕು ಡ್ರಿಪ್ಪರ್ ಆರಿಸಿಕೊ. ಪ್ರತಿಯೊಂದರ ಕೆಳಗೂ 36 ಸೆಕೆಂಡು ಲೋಟ ಹಿಡಿ. ಬಂದ ಮಿಲಿಲೀಟರನ್ನು ಹತ್ತರಿಂದ ಭಾಗಿಸಿದರೆ ಅದೇ ಗಂಟೆಗೆ ಇಷ್ಟು ಲೀಟರ್. 4 ಲೀಟರಿನ ಡ್ರಿಪ್ಪರ್ ಆದರೆ 40 ಮಿ.ಲೀ. ಬರಬೇಕು. ಅತಿ ಕಡಿಮೆ ಬಂದ ನಾಲ್ಕರ ಸರಾಸರಿಯನ್ನು ಹದಿನಾರರ ಸರಾಸರಿಯಿಂದ ಭಾಗಿಸು. 0.9 ದಾಟಿದರೆ ಚೆನ್ನ. 0.8ಕ್ಕಿಂತ ಕೆಳಗಿದ್ದರೆ ಸೆನ್ಸರ್ ಯಾವ ಗಿಡದ ಬುಡದಲ್ಲಿದೆಯೋ ಆ ಗಿಡದ ಮಾತನ್ನಷ್ಟೇ ಹೇಳುತ್ತದೆ.

ಎಲ್ಲ ಡ್ರಿಪ್ಪರ್‌ಗಳಲ್ಲೂ ಕಡಿಮೆ ಬಂದರೆ ಫಿಲ್ಟರ್ ಕಟ್ಟಿದೆಯೇ, ಪಂಪಿನ ಒತ್ತಡ ಇಳಿದಿದೆಯೇ ನೋಡು. ಸಾಲಿನ ತುದಿಯಲ್ಲಷ್ಟೇ ಕಡಿಮೆಯಾದರೆ ಕೊನೆಯ ಮುಚ್ಚಳ ಬಿಚ್ಚಿ, ತಿಳಿನೀರು ಬರುವತನಕ ಹರಿಯಬಿಡು. ಅಲ್ಲೊಂದು ಇಲ್ಲೊಂದು ಎಂದಾದರೆ ಡ್ರಿಪ್ಪರ್ ಕಟ್ಟಿದೆ: ಬಿಳಿ ಕಂತು ಸುಣ್ಣದ್ದು, ಅದಕ್ಕೆ ಆಮ್ಲ, ಲೋಳೆ ಪಾಚಿಯದ್ದು ಅಥವಾ ಬ್ಯಾಕ್ಟೀರಿಯಾದ್ದು, ಅದಕ್ಕೆ ಕ್ಲೋರಿನ್. ಎರಡನ್ನೂ ಒಟ್ಟಿಗೆ ಎಂದೂ ಬಳಸಬೇಡ, ಹೊರಡುವ ಗಾಳಿ ವಿಷ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಇಲ್ಲವೇ ರಂಜಕದ ಗೊಬ್ಬರದ ಜೊತೆ ಒಂದೇ ತೊಟ್ಟಿಯಲ್ಲಿ ಕರಗಿಸಿದರೆ ಗಸಿ ಕಟ್ಟುತ್ತದೆ. ಎಷ್ಟೋ ಡ್ರಿಪ್ ಸಾಲುಗಳು ಹಾಳಾಗುವುದು ಹೀಗೆಯೇ. ನೀರು ಬಿಡುವ ಹೊತ್ತನ್ನು ನಾಲ್ಕು ಪಾಲು ಮಾಡಿ, ಮೊದಲ ಪಾಲು ಬರೀ ನೀರು, ನಡುವಿನ ಎರಡು ಪಾಲು ಗೊಬ್ಬರ, ಕೊನೆಗೆ ಮತ್ತೆ ಬರೀ ನೀರು ಕೊಡು.

ಉಪಗ್ರಹ, ಡ್ರೋನ್‌ಗಳ ಬಗ್ಗೆ ಎರಡು ಮಾತು ಸಾಕು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ, ಆದರೆ ಅದರ ಒಂದು ಚುಕ್ಕೆ 10 ಮೀಟರ್ ಅಗಲ, ನಿನ್ನ ಸಣ್ಣ ಪಟ್ಟಿಗಳು ಅದರಲ್ಲಿ ಕಾಣಿಸವು. ದೊಡ್ಡ ತಾಕಿನಲ್ಲಿ ಬೆಳೆ ಎಲ್ಲಿ ಸೊರಗಿದೆ ಎಂದು ತೋರಿಸುತ್ತದೆ. ಏಕೆ ಎಂದು ತಿಳಿಯಲು ಗುದ್ದಲಿ ಹಿಡಿದು ನೀನೇ ಹೋಗಬೇಕು. ಡ್ರೋನ್ ಕಡಿಮೆ ನೀರಿನಲ್ಲಿ ಔಷಧಿ ಸಿಂಪಡಿಸುತ್ತದೆ, ಹಾಗಾಗಿ ದ್ರಾವಣ ಗಾಢ. ಗಾಳಿ ಬೀಸುವಾಗ ಹಾರಿಸಿದರೆ ಪಕ್ಕದ ಹೊಲಕ್ಕೆ ಹೋಗುತ್ತದೆ. ಎಲೆಯ ಕೆಳಗೆ ಅಡಗುವ ಕೀಟಕ್ಕೆ ಅದು ಅಷ್ಟು ನಾಟುವುದಿಲ್ಲ.

ಸೆನ್ಸರ್ ಕೊಳ್ಳುವ ಮುಂಚೆ ಆ ಹದಿನಾರು ಲೋಟಗಳ ಅಳತೆ ಬರೆದು ಕಳಿಸು. ಯಾವ ಲ್ಯಾಟರಲ್, ಎಷ್ಟನೆಯ ಡ್ರಿಪ್ಪರ್ ಎಂಬುದನ್ನೂ ಬರೆ, ಬರೀ ಸರಾಸರಿ ಬೇಡ.

ಇಂತಿ,
ನಿನ್ನ ದೊಡ್ಡಪ್ಪ