ಯಂತ್ರಕ್ಕೆ ಕೋಟಿ, ನಡೆಸಲು ಬಿಡಿಗಾಸಿಲ್ಲ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಿಗೆ ಎಲ್ಲರೂ ಹಂಚಿಕೊಂಡು ಬಳಸುವ ಕಂಪ್ಯೂಟರ್ ಕ್ಲಸ್ಟರ್ (ಒಟ್ಟಾಗಿ ದೊಡ್ಡ ಲೆಕ್ಕ ಮಾಡುವ ಕಂಪ್ಯೂಟರ್‌ಗಳ ಗುಂಪು) ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರ್ ಓಡುತ್ತಿದೆ, ನಿಜ. ಆದರೆ ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಆವರಣ ಶಿವಗಂಗೋತ್ರಿಯಲ್ಲಿ ಕೂತು ಸಂಶೋಧನೆ ಮಾಡುವ ಹುಡುಗಿಗೆ ಅಷ್ಟು ದೊಡ್ಡದು ಬೇಕಿಲ್ಲ. ಎಂಟು ನೋಡ್‌ಗಳ ಸಣ್ಣ ಕ್ಲಸ್ಟರ್ ಧಾರಾಳವಾಯಿತು (ಕ್ಲಸ್ಟರ್‌ನ ಒಂದೊಂದು ಕಂಪ್ಯೂಟರೇ ಒಂದೊಂದು ನೋಡ್). ನಮ್ಮ ತಕರಾರು ಬಜೆಟ್ ಹಾಕುವ ರೀತಿಯ ಬಗ್ಗೆ. ಅನುದಾನ ಬಂದರೆ ಅಷ್ಟಕ್ಕೂ ಯಂತ್ರವನ್ನೇ ತರಿಸುತ್ತಾರೆ. ಅದನ್ನು ತಂಪಾಗಿಡುವುದು ಹೇಗೆ, ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುವುದು ಉದ್ಘಾಟನೆ ಮುಗಿದ ಮೇಲೆ.

ಲೆಕ್ಕ ನೋಡಿ. ನೋಡ್‌ಗೆ 32 ಕೋರ್‌ಗಳ ಎರಡು ಪ್ರೊಸೆಸರ್ ಎಂದರೆ ಎಂಟಕ್ಕೆ 512 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕವೇ ಕೋರ್). ಪೂರ್ತಿ ಹೊರೆ ಬಿದ್ದಾಗ ಒಂದೊಂದು ನೋಡ್ 700ರಿಂದ 800 ವಾಟ್ ಎಳೆಯುತ್ತದೆ. ಸ್ಟೋರೇಜ್, ಸ್ವಿಚ್ ಸೇರಿ ಸುಮಾರು 7 ಕಿಲೋವಾಟ್. ಎಳೆದ ಕರೆಂಟೆಲ್ಲ ಕೊನೆಗೆ ಕೋಣೆಯೊಳಗೆ ಶಾಖವೇ. ಒಂದು ಟನ್ ಎ.ಸಿ. ಹೊರಹಾಕುವುದು 3.5 ಕಿಲೋವಾಟ್. ಕಾಗದದ ಮೇಲೆ ಎರಡು ಟನ್ ಸಾಕು. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಸ್ಪ್ಲಿಟ್ ಎ.ಸಿ. ಹೇಳಿದಷ್ಟು ತಂಪು ಕೊಡುವುದಿಲ್ಲ. ಎರಡು ಟನ್ನಿನ ಮೂರು ಎ.ಸಿ. ಹಾಕಿಸಿ, ಎರಡು ಓಡಲಿ, ಒಂದಕ್ಕೆ ಬಿಡುವಿರಲಿ, ಎಂಟು ಗಂಟೆಗೊಮ್ಮೆ ಟೈಮರ್ ಪಾಳಿ ಬದಲಿಸಲಿ. ಕರೆಂಟ್ ಬಂದ ಕೂಡಲೇ ತಾನಾಗಿ ಚಾಲೂ ಆಗುವ ಮಾದರಿಯೇ ಬೇಕು. ಶನಿವಾರ ರಾತ್ರಿ ಕರೆಂಟ್ ಹೋಗಿ ಬಂದು, ಸರ್ವರ್‌ಗಳೆಲ್ಲ ಎದ್ದು, ಎ.ಸಿ. ಮಾತ್ರ ರಿಮೋಟ್ ಒತ್ತುವವರಿಗಾಗಿ ಕಾಯುತ್ತ ಕೂತರೆ ಸೋಮವಾರದ ಹೊತ್ತಿಗೆ ಆ ಕೋಣೆ ಮಂಡಕ್ಕಿ ಭಟ್ಟಿ.

ಯುಪಿಎಸ್‌ಗೆ 'ಒಂದು ಗಂಟೆ ಬ್ಯಾಕಪ್' ಎಂದು ಟೆಂಡರ್‌ನಲ್ಲಿ ಬರೆಸುವುದು ಇನ್ನೊಂದು ದಂಡದ ಖರ್ಚು. ಎ.ಸಿ. ಯುಪಿಎಸ್ ಮೇಲೆ ಇರುವುದಿಲ್ಲವಲ್ಲ! ಹನ್ನೆರಡಡಿಗೆ ಹದಿನೈದಡಿಯ ಮುಚ್ಚಿದ ಕೋಣೆಯಲ್ಲಿ 7 ಕಿಲೋವಾಟ್ ಉರಿಯುತ್ತಿದ್ದರೆ ಹತ್ತು ನಿಮಿಷದೊಳಗೆ 40 ಡಿಗ್ರಿ ದಾಟುತ್ತದೆ. ಉಳಿದ ಐವತ್ತು ನಿಮಿಷದ ಬ್ಯಾಟರಿ ಯಂತ್ರವನ್ನು ಬೇಯಿಸಲಿಕ್ಕಷ್ಟೇ. ಹತ್ತು ಕೆವಿಎ ಯುಪಿಎಸ್‌ಗೆ 15 ನಿಮಿಷದ ಬ್ಯಾಟರಿ ಹಾಕಿ, ಎ.ಸಿ. ಲೈನನ್ನು ಜನರೇಟರ್‌ಗೆ ಕೊಡಿ. ಮೂರು ನಿಮಿಷದಲ್ಲಿ ಕರೆಂಟಾಗಲಿ ಜನರೇಟರ್ ಆಗಲಿ ಬಾರದಿದ್ದರೆ, ಉಚಿತವಾಗಿ ಸಿಗುವ 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್' ತಂತ್ರಾಂಶ ಮೊದಲು ಲೆಕ್ಕ ಮಾಡುವ ಕಂಪ್ಯೂಟ್ ನೋಡ್, ಆಮೇಲೆ ಎಲ್ಲರೂ ಲಾಗಿನ್ ಆಗುವ ಹೆಡ್ ನೋಡ್, ಕೊನೆಗೆ ಸ್ಟೋರೇಜ್ ಆರಿಸುವಂತೆ ಹೊಂದಿಸಿಡಬೇಕು. ಎಬ್ಬಿಸುವಾಗ ಸ್ವಿಚ್, ಸ್ಟೋರೇಜ್, ಹೆಡ್ ನೋಡ್ ಮೊದಲು. ಆಮೇಲೆ ಅರ್ಧ ನಿಮಿಷಕ್ಕೊಂದರಂತೆ ಉಳಿದವು. ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದರೆ ಒಂದೋ ಎಂಸಿಬಿ ಬೀಳುತ್ತದೆ, ಇಲ್ಲವೇ ಸ್ಟೋರೇಜ್ ಸಿಗದ ನೋಡ್‌ಗಳು ಬದುಕಿಯೂ ಸತ್ತಂತೆ ಬಿದ್ದಿರುತ್ತವೆ. ಬ್ಯಾಟರಿಗಳನ್ನು ಬಿಸಿಲು ಬೀಳುವ ಮೆಟ್ಟಿಲ ಕೆಳಗೆ ಇಡಬೇಡಿ. ಸೀಸದ ಬ್ಯಾಟರಿಯ ಆಯುಷ್ಯ ಲೆಕ್ಕ ಹಾಕುವುದು 25 ಡಿಗ್ರಿಗೆ. ಎಂಟು-ಹತ್ತು ಡಿಗ್ರಿ ಏರಿದಂತೆಲ್ಲ ಆಯುಷ್ಯ ಅರ್ಧಕ್ಕಿಳಿಯುತ್ತದೆ.

ಚಿತ್ರದುರ್ಗದ ಕಡೆಯವರಿಗೆ ಒಂದು ಮಾತು. ಬಂಡೆ ನೆಲದಲ್ಲಿ ಅರ್ತಿಂಗ್ ಸುಲಭಕ್ಕೆ ಕೂರುವುದಿಲ್ಲ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮೀಟರ್ ಹಿಡಿದರೆ 2-3 ವೋಲ್ಟ್ ಮೀರಬಾರದು. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕುವುದನ್ನು ಒಬ್ಬರಿಗೆ ವಹಿಸಿ. ಗಾಳಿಯ ದೂಳಿನದು ಇನ್ನೊಂದು ಕಾಟ. ಪ್ರೊಸೆಸರ್ ಶಾಖ ಹೊರಹಾಕುವ ಹೀಟ್‌ಸಿಂಕ್ ರೆಕ್ಕೆಗಳಲ್ಲಿ ದೂಳು ಕೂತರೆ ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ಹತ್ತು ಗಂಟೆಯ ಜಾಬ್ (ಯಂತ್ರಕ್ಕೆ ಒಪ್ಪಿಸಿದ ಲೆಕ್ಕ) ಹದಿನೈದು ಗಂಟೆ ಹಿಡಿಯುತ್ತದೆ, ಬಳಸುವವರು ತಂತ್ರಾಂಶವನ್ನು ಬೈಯುತ್ತಾರೆ. ಮೂರು ತಿಂಗಳಿಗೊಮ್ಮೆ ಯಂತ್ರವನ್ನು ಹೊರಗೆ ಒಯ್ದು ಬ್ಲೋವರ್ ಹಿಡಿಯಿರಿ. ಕೋಣೆಯನ್ನು ಗುಡಿಸಬಾರದು, ಒರೆಸಬೇಕು.

ಇಷ್ಟನ್ನೆಲ್ಲ ನೋಡುವವರು ಯಾರು? ಸಾಮಾನ್ಯವಾಗಿ ಪಿಎಚ್.ಡಿ. ವಿದ್ಯಾರ್ಥಿಯೊಬ್ಬನ ಕೈಗೆ ಇಡೀ ಯಂತ್ರದ ಹಿಡಿತ ಕೊಡುವ ರೂಟ್ ಪಾಸ್‌ವರ್ಡ್ ಬರುತ್ತದೆ; ಪದವಿ ಸಿಕ್ಕ ದಿನ ಅವನೊಡನೆ ಅದೂ ಹೋಗುತ್ತದೆ. ಗಿರಣಿಗಳ ಊರಾದ ದಾವಣಗೆರೆಗೆ ಇದನ್ನು ಹೇಳಬೇಕೇ? ಫಿಟ್ಟರ್ ಇಲ್ಲದೆ ಯಾವ ಗಿರಣಿ ಪಾಳಿ ಶುರು ಮಾಡುತ್ತಿತ್ತು?

ಕ್ಲಸ್ಟರ್ ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನ್ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಹೆಡ್ ನೋಡ್ ಮೇಲೆ ಯಾರೂ ಜಾಬ್ ಓಡಿಸದಂತೆ ತಡೆಯಬೇಕು. ಒಬ್ಬರು ಓಡಿಸಿದರೂ ಎಲ್ಲರ ಲಾಗಿನ್ ತೆವಳುತ್ತದೆ. ಸರದಿ ಹಂಚುವ ಸ್ಲರ್ಮ್ ತಂತ್ರಾಂಶದಲ್ಲಿ ಒಂದೇ ಗುಂಪು ವಾರಗಟ್ಟಲೆ ಎಲ್ಲ ನೋಡ್ ಹಿಡಿದುಕೊಳ್ಳದಂತೆ ಫೇರ್‌ಶೇರ್ ಹಾಕಬೇಕು. ಆರು ಗಂಟೆಯ ಜಾಬ್‌ಗೆ ಹತ್ತು ದಿನ ಕೇಳುವವರಿಗೆ, ಕಡಿಮೆ ಸಮಯ ಕೇಳಿದರೆ ದೊಡ್ಡ ಜಾಬ್‌ಗಳ ನಡುವಿನ ಸಂದಿಯಲ್ಲಿ ನಿಮ್ಮದು ಬೇಗ ತೂರಿಕೊಳ್ಳುತ್ತದೆ ಎಂದು ತಿಳಿಹೇಳಬೇಕು. ಅಣುಗಳ ಚಲನೆಯ ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ತಂತ್ರಾಂಶ ತಾನಾಗಿಯೇ 15 ನಿಮಿಷಕ್ಕೊಮ್ಮೆ, ಅಲ್ಲಿಯವರೆಗಿನ ಲೆಕ್ಕ ಉಳಿಯುವಂತೆ, ಚೆಕ್‌ಪಾಯಿಂಟ್ ಬರೆಯುತ್ತದೆ. ಕರೆಂಟ್ ಹೋದರೆ ಅಲ್ಲಿಂದಲೇ ಮುಂದುವರಿಸಬಹುದು. ಇದು ಗೊತ್ತಿಲ್ಲದೆ ಐದು ದಿನದ ಲೆಕ್ಕವನ್ನು ಮೊದಲಿನಿಂದ ಹಾಕುವವರಿದ್ದಾರೆ.

ಡಿಸ್ಕ್ ವಿಷಯದಲ್ಲೂ ಇದೇ ಕಥೆ. 8 ಟೆರಾಬೈಟ್‌ನ ಹನ್ನೆರಡು ಡಿಸ್ಕನ್ನು ರೇಡ್-6ರಲ್ಲಿ ಜೋಡಿಸಿದರೆ 80 ಟೆರಾಬೈಟ್ ಸಿಗುತ್ತದೆ, ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. ಅದನ್ನೇ ಬ್ಯಾಕಪ್ ಎಂದು ನಂಬಿ ಕೂರುತ್ತಾರೆ. ಯಾರೋ ಕೈತಪ್ಪಿ ಒಂದು ಡೈರೆಕ್ಟರಿ ಅಳಿಸಿದರೆ ಅದು ಹನ್ನೆರಡೂ ಡಿಸ್ಕ್‌ನಿಂದ ಒಮ್ಮೆಗೇ ಹೋಗುತ್ತದೆ. ಒಬ್ಬೊಬ್ಬರಿಗೆ 100 ಗಿಗಾಬೈಟ್ ಹೋಮ್ (ಸ್ವಂತ ಫೈಲ್ ಇಡುವ ಜಾಗ) ಕೊಟ್ಟು, ಅದಕ್ಕೆ ಬೇರೆ ಕಟ್ಟಡದಲ್ಲಿ ದಿನವೂ ಪ್ರತಿ ಇಡಿ. ಸ್ಕ್ರ್ಯಾಚ್‌ನಲ್ಲಿ (ತಾತ್ಕಾಲಿಕ ಜಾಗದಲ್ಲಿ) 30 ದಿನ ಮುಟ್ಟದ ಫೈಲ್ ಅಳಿಸಲಾಗುವುದು ಎಂದು ಮೊದಲೇ ಬರೆದು ಹಾಕಿ. ಎರಡು ಹೊಸ ಡಿಸ್ಕ್ ಬೀರುವಿನಲ್ಲಿರಲಿ.

ಖರ್ಚು ಎಷ್ಟು? ಎ.ಸಿ. ಸೇರಿ ವರ್ಷಕ್ಕೆ 80 ಸಾವಿರ ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 6.4 ಲಕ್ಷ. ಅಡ್ಮಿನ್‌ಗೆ ತಿಂಗಳಿಗೆ 45 ಸಾವಿರ, ವರ್ಷಕ್ಕೆ 5.4 ಲಕ್ಷ. ಬ್ಯಾಟರಿ, ಬಿಡಿಭಾಗ, ದುರಸ್ತಿಗೆ 3 ಲಕ್ಷ. ಒಟ್ಟು 15 ಲಕ್ಷದ ಆಸುಪಾಸು. ಯಂತ್ರ ಶೇ 60ರಷ್ಟು ಹೊತ್ತು ದುಡಿದರೂ ವರ್ಷಕ್ಕೆ 27 ಲಕ್ಷ ಕೋರ್-ಗಂಟೆ (ಒಂದು ಕೋರ್ ಒಂದು ಗಂಟೆ ದುಡಿದರೆ ಒಂದು ಕೋರ್-ಗಂಟೆ). ಒಂದಕ್ಕೆ ಬೀಳುವುದು 55 ಪೈಸೆ. 64 ಕೋರ್‌ನಲ್ಲಿ ಒಂದು ದಿನ ಓಡುವ ಜಾಬ್‌ಗೆ ಸುಮಾರು 850 ರೂಪಾಯಿ. ಅಧ್ಯಾಪಕರು ಯೋಜನಾ ಅನುದಾನದ ಅರ್ಜಿಯಲ್ಲೇ ಇದನ್ನು ಕೇಳಲಿ. ಅನುದಾನವಿಲ್ಲದ ವಿದ್ಯಾರ್ಥಿಗಳಿಗೆ ಒಂದಿಷ್ಟು ಗಂಟೆ ಪುಕ್ಕಟೆ ಇರಲಿ.

ಟೆಂಡರ್‌ನಲ್ಲೇ ಐದು ವರ್ಷದ ವಾರಂಟಿ ಬರೆಸಿ. ಮೂರು ವರ್ಷ ಕಳೆದ ಮೇಲೆ ಎಎಂಸಿಗೆ (ವಾರ್ಷಿಕ ನಿರ್ವಹಣಾ ಗುತ್ತಿಗೆಗೆ) ಕಡತ ಏಳುವುದಿಲ್ಲ. ಹುದ್ದೆ ಮಂಜೂರಾಗದು ಎಂದಾದರೆ ಎಂಟರ ಬದಲು ಆರೇ ನೋಡ್ ಕೊಳ್ಳಿ. ನೋಡ್‌ಗೆ ಎಂಟೊಂಬತ್ತು ಲಕ್ಷ ಎಂದರೂ ಉಳಿದ ದುಡ್ಡಿನಲ್ಲಿ ಒಬ್ಬ ಅಡ್ಮಿನ್‌ಗೆ ಮೂರು ವರ್ಷ ಸಂಬಳ ಕೊಡಬಹುದು.

ಇಂತಿ,
ಓದುಗರು, ವಿದ್ಯಾನಗರ, ದಾವಣಗೆರೆ