‘ಪಾಲು’ ಎಂದು ಬರೆದು ‘ಹಾಲು’ ಎಂದು ಓದುವಂತೆ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ತಲೆಬುಡವಿಲ್ಲ, ಉರು ಹೊಡೆಯದೆ ಗತಿಯಿಲ್ಲ ಎಂಬ ಮಾತು ಪರೀಕ್ಷೆ ಹತ್ತಿರವಾದಾಗಲೆಲ್ಲ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಜತೆಗೆ ಆ ಹಳೆಯ ‘ಘೋಟಿ’ ತಮಾಷೆಯೂ ಬರುತ್ತದೆ: ‘ಎನಫ್’ನ ಜಿಎಚ್, ‘ವಿಮೆನ್’ನ ಓ, ‘ನೇಷನ್’ನ ಟಿಐ ಕೂಡಿಸಿದರೆ ‘ಫಿಶ್’ ಆಗುತ್ತದಂತೆ, ಹೇಳಿದವರು ಬರ್ನಾರ್ಡ್ ಶಾ ಅಂತೆ. ಈ ತಮಾಷೆ 1855ರ ಕಾಗದವೊಂದರಲ್ಲೇ ಇದೆ. ಶಾ ಹುಟ್ಟಿದ್ದು 1856ರಲ್ಲಿ! ಅದಿರಲಿ, ಇಂಗ್ಲಿಷ್‌ನಲ್ಲಿ ಪದದ ಮೊದಲಿಗೆ ಬರುವ ಜಿಎಚ್ ‘ಫ’ ಆಗುವುದಿಲ್ಲ, ಪದದ ಕೊನೆಯ ಟಿಐ ‘ಶ್’ ಆಗುವುದಿಲ್ಲ. ಯಾವ ಇಂಗ್ಲಿಷ್ ಓದುಗನೂ ಅದನ್ನು ‘ಫಿಶ್’ ಎಂದು ಓದಲಾರ. ಅಂದರೆ ನಿಯಮ ಇದೆ.

ಹಳಗನ್ನಡದ ಪಾಲು, ಪುಲಿ, ಪೂ ಬರಬರುತ್ತ ಹಾಲು, ಹುಲಿ, ಹೂ ಆದವು. ನಾಲಿಗೆ ಹೊರಳಿದಂತೆ ನಮ್ಮವರು ಬರಹವನ್ನೂ ಹೊರಳಿಸಿದರು. ೞ, ಱ ಬಾಯಿಂದ ಮರೆಯಾದ ಮೇಲೆ ಆ ಅಕ್ಷರಗಳನ್ನೂ ಕೈಬಿಟ್ಟರು. ಹಾಗೆ ಮಾಡದಿದ್ದರೆ ನಾವು ಇಂದಿಗೂ ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದುತ್ತಿದ್ದೆವು. ಇಂಗ್ಲಿಷ್‌ಗೆ ಆಗಿರುವುದು ಇದೇ. ಕನ್ನಡ ಅಚ್ಚಿಗೆ ಬಂದದ್ದು 19ನೇ ಶತಮಾನದಲ್ಲಿ, ಈ ಬದಲಾವಣೆಗಳೆಲ್ಲ ಮುಗಿದು ಎಷ್ಟೋ ಕಾಲದ ಮೇಲೆ. ಇಂಗ್ಲಿಷ್‌ಗೆ ಅಚ್ಚುಮೊಳೆ ಬಂದಾಗ ಉಚ್ಚಾರಣೆ ಇನ್ನೂ ಅರ್ಧ ದಾರಿಯಲ್ಲಿತ್ತು.

ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದದ್ದು 1476ರಲ್ಲಿ. ಯಾವ ಸೀಮೆಯ ಇಂಗ್ಲಿಷನ್ನು ಅಚ್ಚು ಹಾಕುವುದು ಎಂಬುದೇ ಅವನ ತಲೆನೋವು. 1490ರ ಮುನ್ನುಡಿಯೊಂದರಲ್ಲಿ ಅವನೇ ಬರೆದಿದ್ದಾನೆ: ಥೇಮ್ಸ್ ನದಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತಾಗ ವ್ಯಾಪಾರಿಯೊಬ್ಬ ದಡಕ್ಕಿಳಿದು ಒಂದು ಮನೆಯಲ್ಲಿ ‘ಎಗ್ಗೆಸ್’ ಕೇಳಿದ. ಮನೆಯಾಕೆ ‘ನನಗೆ ಫ್ರೆಂಚ್ ಬಾರದು’ ಎಂದುಬಿಟ್ಟಳು. ಮೊಟ್ಟೆಗೆ ಆಕೆಯ ಮಾತು ‘ಎಯ್ರೆನ್’. ಮೊದಲನೆಯದು ವೈಕಿಂಗರ ಜತೆ ಬಂದ ಪದ, ಎರಡನೆಯದು ಹಳೆಯ ಇಂಗ್ಲಿಷಿನದು. ಗೆದ್ದದ್ದು ಹೊರಗಿನಿಂದ ಬಂದದ್ದೇ.

ಅಚ್ಚಿನಲ್ಲಿ ಸ್ಪೆಲ್ಲಿಂಗ್ ಗಟ್ಟಿಯಾಗುತ್ತಿದ್ದ ಕಾಲದಲ್ಲೇ, ಸುಮಾರು 1400ರಿಂದ 1700ರವರೆಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಒಂದೊಂದು ಮೆಟ್ಟಿಲು ಮೇಲೇರಿದವು. ಇದನ್ನು ರೋಮನ್ ಲಿಪಿಗಿಂತ ಕನ್ನಡ ಲಿಪಿಯಲ್ಲಿ ತೋರಿಸುವುದೇ ಸುಲಭ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಕಾಲದವರು ಇಂದಿನ ‘ನೇಮ್’ಗೆ ಹೆಚ್ಚುಕಡಿಮೆ ‘ನಾಮ’ ಎನ್ನುತ್ತಿದ್ದರು (ಸಂಸ್ಕೃತದ ‘ನಾಮ’ಕ್ಕೆ ಅದು ದಾಯಾದಿಯೇ). ‘ಫೀಟ್’ ಆಗ ‘ಫೇಟ್’, ‘ಟೈಮ್’ ಆಗ ‘ಟೀಮ’, ‘ಮೂನ್’ ಆಗ ‘ಮೋನ’, ‘ಹೌಸ್’ ಆಗ ‘ಹೂಸ್’. ಆ ಏರಿ ಏ ಆಯಿತು, ಏ ಏರಿ ಈ ಆಯಿತು. ಮೇಲೆ ಜಾಗವಿಲ್ಲದ ಈ ಒಡೆದು ಐ ಆಯಿತು. ಅತ್ತ ಓ ಹೋಗಿ ಊ, ಊ ಒಡೆದು ಔ. ಅಕ್ಷರಗಳ ಹೆಸರೂ ಇದೇ ಅಲೆಯಲ್ಲಿ ಕೊಚ್ಚಿಹೋದವು: ಜರ್ಮನರು, ಇಟಾಲಿಯನ್ನರು ಇಂದಿಗೂ ಆ, ಏ, ಈ ಎನ್ನುವ ಮೂರು ಅಕ್ಷರಗಳಿಗೆ ಇಂಗ್ಲಿಷರು ಏ, ಈ, ಐ ಎನ್ನುತ್ತಾರೆ.

ಮಾತಾಡದ ಅಕ್ಷರಗಳದ್ದೂ ಇದೇ ಕಥೆ. ‘ನೀ’, ‘ನೈಫ್’, ‘ನೋ’ ಪದಗಳ ಮೊದಲ ಕೆ ಒಂದು ಕಾಲದಲ್ಲಿ ‘ಕ್ನ’ ಎಂದು ಕೇಳುತ್ತಿತ್ತು. ಜರ್ಮನರು ಮೊಣಕಾಲಿಗೆ ಈಗಲೂ ‘ಕ್ನೀ’ ಎನ್ನುತ್ತಾರೆ. ‘ನೈಟ್’ನ ಜಿಎಚ್ ಗಂಟಲಿನಿಂದ ಬರುತ್ತಿದ್ದ ಹಕಾರ. ‘ನೇಮ್’ನ ಕೊನೆಯ ಇ ಹಿಂದೆ ಬೇರೆ ಉಚ್ಚಾರಾಂಶವಾಗಿತ್ತು, ನಾ-ಮ, ಅದರಿಂದ ಹಿಂದಿನ ಸ್ವರ ದೀರ್ಘವಾಯಿತು. ಇ ಸತ್ತರೂ ದೀರ್ಘ ಉಳಿಯಿತು. ‘ಹಾಪ್’ಗೂ ‘ಹೋಪ್’ಗೂ ವ್ಯತ್ಯಾಸ ತೋರಿಸಲು ಆ ಇ ಇಂದಿಗೂ ದುಡಿಯುತ್ತಿದೆ.

ನಿಜವಾದ ತರಲೆ ಮಾಡಿದವರು ಪಂಡಿತರು. ಸಾಲ ಎಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲ ‘ಡೆಬಿಟಂ’ ಎಂದು ತೋರಿಸಿಕೊಳ್ಳಲು ಆಮೇಲೆ ತುರುಕಿದರು. ‘ಐಲ್ಯಾಂಡ್’ನ ಎಸ್ ಇನ್ನೂ ಅನ್ಯಾಯ: ಅದು ಅಚ್ಚ ಇಂಗ್ಲಿಷ್ ಪದ, ಲ್ಯಾಟಿನ್‌ನ ‘ಇನ್ಸುಲಾ’ದಿಂದ ಬಂದ ‘ಐಲ್’ಗೆ ನಂಟೆಂದು ತಪ್ಪಾಗಿ ತಿಳಿದು ಸೇರಿಸಿದ್ದು.

ಆದ್ದರಿಂದ ಶಿಕ್ಷಣ ಪುಟಕ್ಕೆ ನನ್ನದೊಂದು ಕೋರಿಕೆ. ಕಷ್ಟದ ಪದಗಳನ್ನು ಅಕಾರಾದಿಯಾಗಿ ಅಚ್ಚು ಹಾಕಬೇಡಿ. ಹಾಗೆ ಕೊಟ್ಟರೆ ‘ಡೆಟ್’ ಒಂದು ಕಡೆ, ‘ಡೌಟ್’ ಇನ್ನೊಂದು ಕಡೆ ಹೋಗಿ, ಮಗು ಪ್ರತಿಯೊಂದನ್ನೂ ಬೇರೆ ಬೇರೆ ಉರು ಹೊಡೆಯುತ್ತದೆ. ಕೆಎನ್ ಪದಗಳು ಒಂದು ಗುಂಪು, ಜಿಎಚ್‌ಟಿ ಪದಗಳು ಒಂದು ಗುಂಪು, ಕೊನೆಯ ಇ ಇರುವವು ಮತ್ತೊಂದು. ಪಂಡಿತರು ಸೇರಿಸಿದ ಅಕ್ಷರಗಳಿಗೆ, ಆ ಅಕ್ಷರ ಬಾಯಿಗೆ ಬರುವ ಬಂಧುಪದವನ್ನು ಪಕ್ಕದಲ್ಲೇ ಕೊಡಿ: ‘ಡೆಟ್’ ಜತೆಗೆ ‘ಡೆಬಿಟ್’, ‘ರಿಸೀಟ್’ ಜತೆಗೆ ‘ರಿಸೆಪ್ಷನ್’. ‘ಸೈನ್’ ಜತೆಗೆ ‘ಸಿಗ್ನಲ್’ ಇಟ್ಟರೂ ಇದೇ ಉಪಾಯ ಫಲಿಸುತ್ತದೆ. ‘ಐಲ್ಯಾಂಡ್’ಗೆ ಇದು ಕೈಕೊಡುತ್ತದೆ. ‘ಕುಡ್’ಗೂ ಅಷ್ಟೇ, ಅದರ ಎಲ್ ಎಂದೂ ಆ ಪದದ ಸ್ವಂತದ್ದಲ್ಲ, ಪಕ್ಕದ ‘ವುಡ್’, ‘ಶುಡ್’ ನೋಡಿ ಹಾಕಿಕೊಂಡದ್ದು. ಇಂಥ ಬೆರಳೆಣಿಕೆಯ ಪದಗಳನ್ನು ಮಾತ್ರ ಉರು ಹೊಡೆಸಿ.

– ಭಾಷಾ ಅಧ್ಯಾಪಕ, ಧಾರವಾಡ